ಹಿಟ್ಟು ಉಬ್ಬದಿದ್ದರೆ ಮಡಿಕೇರಿಯ ಚಳಿಯನ್ನು ಬೈಯಬೇಡಿ

"ಕೊಡಗಿನ ಮಳೆಗಾಲದಲ್ಲಿ ಯೀಸ್ಟ್ ಹಾಕಿದ ಹಿಟ್ಟು ಏಳುವುದಿಲ್ಲ, ಚಳಿಗೆ ಯೀಸ್ಟ್ ಸತ್ತುಹೋಗುತ್ತದೆ." ಈ ಮಾತನ್ನು ಮಡಿಕೇರಿಯಲ್ಲೂ ಕೇಳಿದ್ದೇನೆ, ಸೋಮವಾರಪೇಟೆಯಲ್ಲೂ ಕೇಳಿದ್ದೇನೆ. ಹೇಳುವವರು ಓದಿದವರು, ಮನೆಯಲ್ಲಿ ಒಳ್ಳೆಯ ಓವನ್ ಇಟ್ಟುಕೊಂಡವರು. ಅಂಗಡಿಯಿಂದ ಫ್ರೋಜನ್ ಹಿಟ್ಟು ತಂದು, ಮಕ್ಕಳಿಗೆ ಬೇಗನೆ ಸಿನಮನ್ ರೋಲ್ ಮಾಡಿಕೊಡೋಣವೆಂದು ಹೊರಟು, ಒಂದು ಗಂಟೆ ಕಾದು, ಹಿಟ್ಟು ಇದ್ದ ಹಾಗೇ ಕೂತಿದೆಯೆಂದು ಬೇಸತ್ತು, ಕೊನೆಗೆ ಕಕ್ಕಡ ತಿಂಗಳ ಮಳೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ. ನನ್ನ ತಾಳ್ಮೆ ಕೆಡುವುದು ಇಲ್ಲೇ. ಅವರ ಕೈಯಲ್ಲಿರುವ ಹಿಟ್ಟು ಬಂದದ್ದೇ ಮೈನಸ್ 18 ಡಿಗ್ರಿಯ ಫ್ರೀಜರ್‌ನಿಂದ. ಅಲ್ಲಿ ವಾರಗಟ್ಟಲೆ ಬದುಕಿದ್ದ ಯೀಸ್ಟ್, ಮಡಿಕೇರಿಯ ಅಡುಗೆಮನೆಯ 18 ಡಿಗ್ರಿಗೆ ಸಾಯುವುದು ಹೇಗೆ?

ಯೀಸ್ಟನ್ನು ಕೊಲ್ಲುವುದು ಬಿಸಿ. 55–60 ಡಿಗ್ರಿ ದಾಟಿತೆಂದರೆ ಅದರ ಕಥೆ ಮುಗಿಯಿತು. ಚಳಿಯಲ್ಲಿ ಅದು ಸಾಯುವುದಿಲ್ಲ, ನಿಧಾನವಾಗುತ್ತದೆ. 27 ಡಿಗ್ರಿಯಲ್ಲಿ ಒಂದು ಗಂಟೆಗೆ ಇಮ್ಮಡಿಯಾಗುವ ಹಿಟ್ಟಿಗೆ 18 ಡಿಗ್ರಿಯಲ್ಲಿ ಎರಡು, ಎರಡೂವರೆ ಗಂಟೆ ಬೇಕು. ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲೂ ರಾತ್ರಿ ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ. ದೊಡ್ಡ ಬೇಕರಿಗಳು ಬೇಕೆಂದೇ ಹಿಟ್ಟನ್ನು ರಾತ್ರಿಯಿಡೀ ತಣ್ಣಗೆ ಇಡುತ್ತವೆ, ಏಕೆಂದರೆ ನಿಧಾನವಾಗಿ ಹುದುಗಿದ ಹಿಟ್ಟಿಗೆ ರುಚಿ ಹೆಚ್ಚು. ಮೊಬೈಲಿನಲ್ಲಿ ನೋಡಿದ ವಿಡಿಯೊದಲ್ಲಿ "ಒಂದು ಗಂಟೆ" ಎಂದಿತ್ತೇ? ಅದನ್ನು ಮಾಡಿದ್ದು ಚೆನ್ನೈಯಲ್ಲೋ ಮುಂಬೈಯಲ್ಲೋ ಇರಬೇಕು. ಜುಲೈ ತಿಂಗಳಲ್ಲಿ ಮಡಿಕೇರಿಯ ಹಗಲೇ 20–21 ಡಿಗ್ರಿಯ ಆಸುಪಾಸು ಇರುತ್ತದೆ, ರಾತ್ರಿ 16–17ಕ್ಕೆ ಇಳಿಯುತ್ತದೆ. ಅದೇ ಹಿಟ್ಟು ಇಲ್ಲೂ ಏಳುತ್ತದೆ. ಗಡಿಯಾರ ಬಿಟ್ಟು ಹಿಟ್ಟನ್ನು ನೋಡಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ತಟ್ಟನೆ ಮೇಲೆ ಬಂದರೆ ಇನ್ನೂ ಕಾಯಬೇಕು, ನಿಧಾನವಾಗಿ ಅರ್ಧ ತುಂಬಿಕೊಂಡರೆ ಓವನ್ನಿಗೆ ಹೋಗಲು ಸಿದ್ಧ.

ಈ ನಂಬಿಕೆ ಹುಟ್ಟಿದ್ದು ಇಡ್ಲಿ ಹಿಟ್ಟಿನಿಂದ ಎಂದು ನನಗನ್ನಿಸುತ್ತದೆ. ಮಳೆಗಾಲದಲ್ಲಿ ಇಲ್ಲಿ ಇಡ್ಲಿ ಹಿಟ್ಟು ಹುದುಗು ಬರುವುದು ತಡ, ಅದು ನಿಜ. ಅಕ್ಕಿ, ಉದ್ದಿನಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡಬೇಕು. ಮೊದಲಿಗೆ ಅವುಗಳ ಸಂಖ್ಯೆ ಕಡಿಮೆ, ಅವಕ್ಕೆ ಬೆಚ್ಚಗಿನ ಜಾಗವೂ ಬೇಕು. ಆದರೆ ಅಂಗಡಿಯ ಬ್ರೆಡ್ ಹಿಟ್ಟಿಗೆ ಆಯ್ದು ಬೆಳೆಸಿದ ಯೀಸ್ಟನ್ನು ಲೆಕ್ಕ ಹಾಕಿ ಸೇರಿಸಿರುತ್ತಾರೆ. ಒಂದರ ಅನುಭವವನ್ನು ಇನ್ನೊಂದಕ್ಕೆ ಅಂಟಿಸಿದ್ದರಿಂದಲೇ ಇಷ್ಟು ಗೊಂದಲ.

"ಇಲ್ಲಿ ಎತ್ತರ ಜಾಸ್ತಿ, ಅದಕ್ಕೇ ಉಬ್ಬುವುದಿಲ್ಲ" ಎನ್ನುವವರೂ ಇದ್ದಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 12–13ರಷ್ಟು ಕಡಿಮೆ. ಹಿಟ್ಟಿನೊಳಗಿನ ಅನಿಲಕ್ಕೆ ಹಿಗ್ಗುವುದು ಇಲ್ಲಿ ಇನ್ನೂ ಸುಲಭ.

ನಂಬಿಕೆ ನಂಬಿಕೆಯಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದಕ್ಕೆ ಮಾಡುವ ಪರಿಹಾರಗಳು ಒಳ್ಳೆಯ ಹಿಟ್ಟನ್ನು ಹಾಳುಮಾಡುತ್ತವೆ. ಒಬ್ಬರು ಗಟ್ಟಿಯಾಗಿ ಹೆಪ್ಪುಗಟ್ಟಿದ ಉಂಡೆಯನ್ನು ಬಿಸಿ ತವೆಯ ಮೇಲಿಡುತ್ತಾರೆ. ಹೊರಗಿನ ಪದರದ ಯೀಸ್ಟ್ ಬೆಂದು ಸಾಯುತ್ತದೆ, ಒಳಗೆ ಇನ್ನೂ ಮಂಜುಗಡ್ಡೆ ಇರುತ್ತದೆ. ಇನ್ನೊಬ್ಬರು ಸುರುಳಿ ಸುತ್ತಿದ ಮೇಲೆ ತಟ್ಟೆಯನ್ನು ಸೌದೆ ಒಲೆಯ ಪಕ್ಕಕ್ಕೇ ತಳ್ಳುತ್ತಾರೆ. ಬೆಣ್ಣೆ 32–35 ಡಿಗ್ರಿಗೆ ಕರಗಿ ಸಕ್ಕರೆಯ ಜೊತೆ ಕೆಳಗೆ ಹರಿಯುತ್ತದೆ. ತಳ ಸೀಯುತ್ತದೆ, ಸುರುಳಿಯ ಒಳಗೆ ಏನೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸೋಡಾ ಅಥವಾ ಈನೋ ಸೇರಿಸುವುದು. ಈನೋ ನೀರು ತಾಗಿದ ಕ್ಷಣದಲ್ಲೇ ಅನಿಲ ಬಿಡುತ್ತದೆ. ದಿಢೀರ್ ಇಡ್ಲಿಯನ್ನು ಕಲಸಿದ ಕೂಡಲೇ ಹಬೆಗೆ ಇಡುವುದರಿಂದ ಅಲ್ಲಿ ಅದು ನಡೆಯುತ್ತದೆ. ನಾದಿ, ಲಟ್ಟಿಸಿ, ಸುತ್ತಿ, ಕತ್ತರಿಸುವ ಹಿಟ್ಟಿನಲ್ಲಿ ಆ ಅನಿಲ ಓವನ್ ಕಾಣುವ ಮೊದಲೇ ಹೊರಟುಹೋಗಿರುತ್ತದೆ. ಬರೀ ಸೋಡಾ ಹಾಕಿದರಂತೂ ಸಾಬೂನಿನ ರುಚಿಯೇ ಗತಿ.

ಹಾಗಾದರೆ ಮಳೆಗಾಲದಲ್ಲಿ ಎಷ್ಟು ಕಾದರೂ ಏಳದ ಹಿಟ್ಟು ಇರುವುದೇ ಇಲ್ಲವೇ? ಇದೆ. ಅದರ ಕಾರಣ ಚಳಿಯಲ್ಲ, ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟು ಗಂಟೆಗಟ್ಟಲೆ ಹೋಗುತ್ತದೆ, ಒಳ ಊರುಗಳಲ್ಲಿ ದಿನಗಟ್ಟಲೆ. ಜನರೇಟರ್ ಇಲ್ಲದ ಅಂಗಡಿಯ ಫ್ರೀಜರ್‌ನಲ್ಲಿ ಹಿಟ್ಟು ಕರಗುತ್ತದೆ, ಕರೆಂಟು ಬಂದಾಗ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಮಂಜಿನ ಹರಳುಗಳು ಯೀಸ್ಟ್ ಕೋಶಗಳನ್ನು ಸೀಳುತ್ತವೆ. ಸತ್ತ ಕೋಶಗಳಿಂದ ಹೊರಬರುವ ಗ್ಲುಟಾಥಯೋನ್ ಎಂಬ ವಸ್ತು ಮೈದಾದ ಗ್ಲುಟೆನ್ ಜಾಲವನ್ನೂ ಸಡಿಲಗೊಳಿಸುತ್ತದೆ. ಅಂದರೆ ಅನಿಲ ಹುಟ್ಟುವುದೂ ಕಡಿಮೆ, ಹುಟ್ಟಿದ್ದನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಇಂಥ ಹಿಟ್ಟನ್ನು ಎಷ್ಟೇ ಬೆಚ್ಚಗಿಟ್ಟರೂ ಜಿಗುಟಾಗಿ ಹರಡಿಕೊಳ್ಳುತ್ತದೆ. ಪ್ಯಾಕೆಟ್ಟಿನ ಒಳಗೆ ಮಂಜಿನ ಪುಡಿ ಕಟ್ಟಿದ್ದರೆ, ಉಂಡೆ ಚಪ್ಪಟೆಯಾಗಿ ಒಂದು ಮೂಲೆಗೆ ಇಳಿದು ಗಟ್ಟಿಯಾಗಿದ್ದರೆ, ಅದನ್ನು ಕೊಳ್ಳಬೇಡಿ. ಬೇಕರಿಯವರ ಪರಿಚಯವಿದ್ದರೆ ಬೆಳಿಗ್ಗೆ ಹೋಗಿ ಅರ್ಧ ಕೆ.ಜಿ. ಬನ್ ಹಿಟ್ಟು ಕೇಳಿ. ಫ್ರೋಜನ್‌ಗಿಂತ ಅಗ್ಗ, ಆಗ ತಾನೇ ಕಲಸಿದ್ದು.

ಚಳಿಯೇ ಕಾರಣ ಎನ್ನುವವರಿಗೆ ಇನ್ನೊಂದು ಪ್ರಶ್ನೆ. ಡಿಸೆಂಬರ್, ಜನವರಿಯ ರಾತ್ರಿಗಳು ಇಲ್ಲಿ ಜುಲೈಗಿಂತ ತಣ್ಣಗಿರುತ್ತವೆ. ಕ್ರಿಸ್‌ಮಸ್ ಹೊತ್ತಿಗೆ ಕೊಡಗಿನ ಬೇಕರಿಗಳಲ್ಲಿ ಬನ್ನು, ಬ್ರೆಡ್ಡು ಏನೂ ಕಡಿಮೆಯಾಗುವುದಿಲ್ಲವಲ್ಲ?

ಅಮೆರಿಕದಲ್ಲಿರುವ ಅಕ್ಕನೋ ನಾದಿನಿಯೋ "ಡಬ್ಬಿ ಬಿಚ್ಚಿ ನೇರ ಓವನ್ನಿಗೆ ಇಟ್ಟರೆ ಸಾಕು" ಎಂದಿದ್ದನ್ನು ನಂಬಿ ಕೆಡುವವರು ಬೇರೆ. ಅವರ ಡಬ್ಬಿಯ ಹಿಟ್ಟೇ ಬೇರೆ. ಕೆಂಟಕಿಯ ಲೈವ್ಲಿ ವಿಲ್ಲೋಬಿ ಎಂಬಾತ 1931ರಲ್ಲಿ ಪೇಟೆಂಟ್ ಪಡೆದ ಆ ಬಗೆಯ ಡಬ್ಬಿಯ ಹಿಟ್ಟು ಉಬ್ಬುವುದು ಸೋಡಾ ಮತ್ತು ಆಮ್ಲೀಯ ಲವಣದಿಂದ. ಅದಕ್ಕೆ ಕಾಯುವ ಅಗತ್ಯವಿಲ್ಲ. ನಮ್ಮ ಬೇಕರಿಯ ಹಿಟ್ಟಿನಲ್ಲಿರುವುದು ಯೀಸ್ಟ್, ಅದಕ್ಕೆ ಸಮಯ ಕೊಡಲೇಬೇಕು. ಪಫ್ ಶೀಟ್ ತಂದರೆ ಎರಡೂ ಅಲ್ಲ, ಅದು ಬೆಣ್ಣೆಯ ಪದರಗಳ ನಡುವಿನ ಹಬೆಯಿಂದ ಅರಳುತ್ತದೆ. ಅದನ್ನು ತಣ್ಣಗಿರುವಾಗಲೇ ಸುತ್ತಿ ನೇರ ಓವನ್ನಿಗಿಡಿ.

"ಯೀಸ್ಟ್ ಕೆಮಿಕಲ್" ಎನ್ನುವವರು ಕಳ್ಳು ಹಾಕಿ ಮಾಡಿದ ಅಪ್ಪವನ್ನು ಚಪ್ಪರಿಸಿ ತಿಂದಿರುತ್ತಾರೆ. ಅದನ್ನು ಉಬ್ಬಿಸಿದ್ದೂ ಯೀಸ್ಟೇ. ನಮ್ಮ ಘಟ್ಟದ ಕೆಳಗಿನ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಕ್ರಿಸ್‌ಮಸ್ ಕೇಕ್ ಮಾಡಿದಾಗ ಗೇರುಹಣ್ಣು, ಬಾಳೆಹಣ್ಣಿನ ನಾಡು ಮದ್ಯವನ್ನೇ ಹಾಕಿದರೆಂದು ಹೇಳುತ್ತಾರೆ. ಕೇಕ್ ಮಾಡಿಸಿದ ಬ್ರೌನ್ ದೊರೆ ಅಂಜರಕಂಡಿಯ ದಾಲ್ಚಿನ್ನಿ ತೋಟದವರು.

ದಾಲ್ಚಿನ್ನಿಯ ಮಾತು ಬಂತಲ್ಲ, ಅದರಲ್ಲೂ ಒಂದು ಹುಸಿ ನಂಬಿಕೆ ಇದೆ: ದಪ್ಪಗೆ, ಖಾರವಾಗಿ ಇದ್ದರೆ ಅದೇ ಅಸಲಿ ಚಕ್ಕೆ ಎಂದು. ದಪ್ಪಗೆ, ಒಂದೇ ಪದರವಾಗಿ, ಕೈಯಲ್ಲಿ ಮುರಿಯಲಾಗದ್ದು ಕ್ಯಾಸಿಯಾ. ಹೆಚ್ಚಾಗಿ ವಿಯೆಟ್ನಾಂ, ಚೀನಾ, ಇಂಡೊನೇಷ್ಯಾದಿಂದ ಬರುತ್ತದೆ. ತೆಳ್ಳಗೆ ಹಲವು ಪದರ ಸುತ್ತಿಕೊಂಡು, ಒತ್ತಿದರೆ ಪುಡಿಯಾಗುವುದು ನಿಜವಾದ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಕೆ.ಜಿ.ಗೆ ಸುಮಾರು 3 ಗ್ರಾಂ ಇರುತ್ತದೆ, ನಿಜವಾದದ್ದರಲ್ಲಿ ಲವಲೇಶ. ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.1 ಮಿ.ಗ್ರಾಂ ಕೂಮರಿನ್ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿದೆ. ಒಂಬತ್ತು ರೋಲ್‌ಗೆ ಎರಡು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಕ್ಯಾಸಿಯಾ ಪುಡಿ ಹಾಕಿದರೆ, 15 ಕೆ.ಜಿ. ತೂಕದ ಮಗುವಿಗೆ ಒಂದು ರೋಲ್‌ನಲ್ಲೇ ಆ ಮಿತಿ ಮುಗಿಯುತ್ತದೆ. ಹಬ್ಬಕ್ಕೊಮ್ಮೆ ತಿಂದರೆ ಭಯವಿಲ್ಲ. ದಿನಾ ಮಾಡುವವರು ತೆಳು ಚಕ್ಕೆಯನ್ನೇ ಕೊಳ್ಳಲಿ.

ದಪ್ಪ ಕ್ಯಾಸಿಯಾವನ್ನೇ ಪ್ರವಾಸಿಗರಿಗೆ "ಕೂರ್ಗ್ ಸಿನಮನ್" ಎಂದು ಕೆಂಪು ಬಣ್ಣದ ಪ್ಯಾಕೆಟ್ಟಿನಲ್ಲಿ ಮಾರುವುದನ್ನು ಕಂಡರೆ ಸಂಕಟವಾಗುತ್ತದೆ. ಕೊಡಗಿನ ಕಿತ್ತಳೆಗೆ, ಕೊಡಗಿನ ಏಲಕ್ಕಿಗೆ ಭೌಗೋಳಿಕ ಸೂಚಕ ಸಿಕ್ಕಿದೆ. ಚಕ್ಕೆಗೆ ಅಂಥದ್ದೇನೂ ಇಲ್ಲ. ಪ್ಯಾಕೆಟ್ಟಿನ ಮೇಲೆ ಬೆಟ್ಟದ ಚಿತ್ರ ಇದ್ದರೆ ಹೊರಗಿನವರು ನಂಬುತ್ತಾರೆ. ಮಳೆಯ ಹೆಸರು ಹೇಳಿದರೆ ನಾವು ನಂಬುತ್ತೇವೆ. ತೋಟದಲ್ಲಿ ಕಾಫಿ ಗಿಡದ ಎಲೆ ಹಳದಿಯಾದರೆ ಮಣ್ಣು ಪರೀಕ್ಷೆ ಮಾಡಿಸುವ ಜನ ನಾವು. ಕಾಳುಮೆಣಸಿನ ಬಳ್ಳಿ ಬಾಡಿದರೆ ಬೇರನ್ನು ಅಗೆದು ನೋಡುತ್ತೇವೆ. ಅಡುಗೆಮನೆಗೆ ಬಂದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಯವರು ಅಂದರು, ವಾಟ್ಸ್‌ಆ್ಯಪ್‌ನಲ್ಲಿ ಬಂತು ಎಂದಷ್ಟೇ ಸಾಕಾಗಿಬಿಡುತ್ತದೆ. ನೂರು ರೂಪಾಯಿಯ ಥರ್ಮಾಮೀಟರನ್ನು ಒಮ್ಮೆ ಗೋಡೆಗೆ ನೇತುಹಾಕಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಚಳಿ ಸಿನಮನ್ ರೋಲ್‌ಗೆ ಶತ್ರುವಲ್ಲ, ಸಹಾಯಕ. ಹಿಂದಿನ ರಾತ್ರಿ ಹಿಟ್ಟನ್ನು ಫ್ರೀಜರ್‌ನಿಂದ ಫ್ರಿಜ್ಜಿಗೆ ಇಳಿಸಿ. ಬೆಳಿಗ್ಗೆ ಅರ್ಧ ಕೆ.ಜಿ. ಹಿಟ್ಟನ್ನು ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, 50 ಗ್ರಾಂ ಮೆತ್ತನೆಯ ಬೆಣ್ಣೆ ಸವರಿ, 80 ಗ್ರಾಂ ಬೆಲ್ಲದ ಪುಡಿಗೆ ಚಕ್ಕೆ ಪುಡಿ ಬೆರೆಸಿ ಉದುರಿಸಿ. ಚಕ್ಕೆ ಪುಡಿಯನ್ನು ಹಿಟ್ಟಿನಲ್ಲೇ ಕಲಸಬೇಡಿ, ಅದರ ಎಣ್ಣೆಯಂಶ ಯೀಸ್ಟಿನ ಕೆಲಸಕ್ಕೆ ಅಡ್ಡಿ. ಸ್ವೀಡನ್ನಿನವರು ಹಿಟ್ಟಿಗೆ ಏಲಕ್ಕಿ ಸೇರಿಸುತ್ತಾರೆ. ಏಲಕ್ಕಿ ನಾಡಿನ ನಾವು ಅದನ್ನು ಬಿಡುವುದು ಸರಿಯಲ್ಲ. ಬೆಲ್ಲದ ಜೊತೆ ನಾಲ್ಕು ಏಲಕ್ಕಿ ಕುಟ್ಟಿ ಹಾಕಿ. ಮಡಿಕೇರಿಯ ತಂಪಿನಲ್ಲಿ ಬೆಣ್ಣೆ ಗಟ್ಟಿಯಾಗಿಯೇ ಇರುವುದರಿಂದ ಸುರುಳಿ ಬಿಗಿಯಾಗಿ ನಿಲ್ಲುತ್ತದೆ. ಕೆಳಗೆ ದಾರ ತೂರಿಸಿ, ಮೇಲೆ ಅಡ್ಡ ಎಳೆದರೆ ಒಂಬತ್ತು ತುಂಡು ಚಪ್ಪಟೆಯಾಗದೆ ಬೀಳುತ್ತವೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಇದನ್ನು ಮಾಡಿದವರಿಗೆ ಇದರ ಬೆಲೆ ಗೊತ್ತು. ತಟ್ಟೆಯನ್ನು ಆರಿಸಿದ ಓವನ್ನಿನೊಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಇಟ್ಟು ಬಾಗಿಲು ಮುಚ್ಚಿದರೆ ಮುಕ್ಕಾಲು, ಒಂದು ಗಂಟೆ. ಹೊರಗೇ ಇಟ್ಟರೆ ಎರಡು ಗಂಟೆ. ಆಮೇಲೆ ತಟ್ಟೆಯನ್ನು ಹೊರಗೆ ತೆಗೆದು, ಓವನ್ ಕಾಯಿಸಿ, 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಕರೆಂಟು ಇರುವಾಗಲೇ ಮುಗಿಸಿಕೊಳ್ಳಿ.