ಕಡಲತಡಿಯನ್ನು ಬಾಚುವ ಯಂತ್ರ

ಕಡಲತಡಿಯ ಮರಳಿನಲ್ಲಿ ಹುದುಗಿದ ಗಾಜಿನ ಚೂರು, ಸಿಗರೇಟಿನ ತುಂಡು, ಸೀಸೆಯ ಮುಚ್ಚಳಗಳನ್ನು ಕೈಯಿಂದ ಆರಿಸಿ ತೆಗೆಯುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ವಿವರಿಸಬೇಕಾಗಿಲ್ಲ. ಸಾವಿರಾರು ಜನರು ಬಂದುಹೋಗುವ ತೀರದಲ್ಲಿ ಇದನ್ನು ದಿನದಿನವೂ ಮಾಡಬೇಕಾಗುತ್ತದೆ. ಈ ಕೆಲಸಕ್ಕೆಂದೇ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಗಳುಂಟು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನಾಗಟಕ್ ಎಂಬ ಊರಿನ ಬಾರ್ಬರ್ ಕಂಪನಿಯ ‘ಸರ್ಫ್ ರೇಕ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ರಚನೆಯನ್ನು ಅರಿಯುವ ಮೊದಲು ನಾವು ಮರಳಿನ ಒಂದು ಗುಣವನ್ನು ಗಮನಿಸಬೇಕು.

ಮರಳನ್ನು ಶುದ್ಧಿಮಾಡಲು ಜರಡಿಯೊಂದೇ ಸಾಲದೆ ಎಂದು ವಾಚಕರಿಗೆ ತೋರಬಹುದು. ಭೂವಿಜ್ಞಾನಿಗಳು ಮರಳೆಂದು ಕರೆಯುವ ಕಣದ ವ್ಯಾಸವು 2 ಮಿಲಿಮೀಟರನ್ನು ಮೀರದು. ಆದುದರಿಂದ ಒಣಮರಳು ಜರಡಿಯ ಕಣ್ಣುಗಳಿಂದ ಸರಾಗವಾಗಿ ಇಳಿದುಹೋಗಿ ಕಸವು ಮೇಲೆ ಉಳಿಯುತ್ತದೆ. ಆದರೆ ಮರಳು ಒದ್ದೆಯಾಗಿದ್ದರೆ, ಕಣಗಳ ನಡುವೆ ಸೇರಿಕೊಂಡ ನೀರು ತನ್ನ ಮೇಲ್ಮೈ ಎಳೆತದಿಂದ ಅವುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಕಾಲಿನ ಮೇಲೆ ಒದ್ದೆಮರಳನ್ನು ಒತ್ತಿ ಮಕ್ಕಳು ಕಟ್ಟುವ ಗುಬ್ಬಿಗೂಡು ಕುಸಿಯದೆ ನಿಲ್ಲುವುದು ಈ ಬಲದಿಂದಲೇ. ಅದೇ ಬಲವು ಜರಡಿಯ ಕಣ್ಣುಗಳನ್ನು ಮುಚ್ಚಿಬಿಡುತ್ತದೆ.

ಈ ತೊಡಕಿಗೆ ‘ಸರ್ಫ್ ರೇಕ್’ ಬಾಚಣಿಗೆಯ ಉಪಾಯವನ್ನು ಬಳಸುತ್ತದೆ. ಟ್ರಾಕ್ಟರಿನ ಹಿಂದೆ ಎಳೆದೊಯ್ಯುವ ಈ ಗಾಡಿಯಲ್ಲಿ ಸದಾ ಸುತ್ತುತ್ತಿರುವ ಅಗಲವಾದ ಪಟ್ಟಿಯೊಂದುಂಟು. ಅದರ ಮೇಲೆ ಸಾಲುಸಾಲಾಗಿ ತುಕ್ಕುಹಿಡಿಯದ ಉಕ್ಕಿನ, ಬಳುಕುವ ಹಲ್ಲುಗಳಿವೆ. ಅವು ಮರಳನ್ನು ಹೊಕ್ಕು, ಕಸವನ್ನು ಬಾಚಿ, ಮೇಲಕ್ಕೊಯ್ದು ತೊಟ್ಟಿಯಲ್ಲಿ ಸುರಿಯುತ್ತವೆ. ಮರಳು ಹಲ್ಲುಗಳ ಸಂದಿನಿಂದ ಜಾರಿ ನೆಲಕ್ಕೆ ಬೀಳುತ್ತದೆ.

ಆದರೆ ಉಕ್ಕಿನ ಹಲ್ಲಿಗೆ ವಿವೇಚನೆಯಿಲ್ಲ. ಅಲೆಗಳು ದಡಕ್ಕೆ ತಂದೆಸೆದ ಕಡಲಪಾಚಿಯು ನಮ್ಮ ಕಣ್ಣಿಗೆ ಕಸವಾದರೂ ಮರಳಿನಲ್ಲಿ ವಾಸಿಸುವ ಸಣ್ಣ ಜೀವಿಗಳಿಗೆ ಆಹಾರ. ಆ ಜೀವಿಗಳು ತೀರದ ಹಕ್ಕಿಗಳಿಗೆ ಆಹಾರ. ಇನ್ನೊಂದು ಉದಾಹರಣೆಯನ್ನು ನೋಡೋಣ. ಕ್ಯಾಲಿಫೋರ್ನಿಯದ ಗ್ರೂನಿಯನ್ ಎಂಬ ಪುಟ್ಟ ಮೀನು ಮಾರ್ಚಿಯಿಂದ ಆಗಸ್ಟಿನವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ತರುವಾಯದ ಕೆಲವು ರಾತ್ರಿಗಳಲ್ಲಿ ಉಬ್ಬರದ ಅಲೆಯೊಡನೆ ದಡವನ್ನೇರಿ ಮರಳಿನೊಳಗೆ ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರಗಳ ಬಳಿಕ ಮತ್ತೊಂದು ದೊಡ್ಡ ಉಬ್ಬರದ ನೀರು ತಾಗಿದಾಗ ಮೊಟ್ಟೆಗಳೊಡೆದು ಮರಿಗಳು ಕಡಲನ್ನು ಸೇರುತ್ತವೆ. ಅಷ್ಟರೊಳಗೆ ಯಂತ್ರವು ಅಲ್ಲಿ ಹಾದುಹೋದರೆ ಆ ಸಂತತಿಗೆ ಉಳಿವಿಲ್ಲ.

ಇದನ್ನು ತಿಳಿದು ಅಲ್ಲಿನ ಅನೇಕ ತೀರಗಳಲ್ಲಿ ಆ ತಿಂಗಳುಗಳಲ್ಲಿ ಉಬ್ಬರದ ಗೆರೆಯಿಂದ ಮೇಲಿರುವ ಒಣಮರಳನ್ನು ಮಾತ್ರ ಬಾಚಿಸುತ್ತಾರೆ. ಹೀಗೆ ಕಡಲತಡಿಯನ್ನು ಶುದ್ಧಿಮಾಡಹೊರಟವನು ಟ್ರಾಕ್ಟರನ್ನು ಏರುವ ಮುನ್ನ ಪಂಚಾಂಗವನ್ನೂ ನೋಡಬೇಕಾಗುತ್ತದೆ.