ಮಗು ಕೇಳಬಲ್ಲದೆ, ಕೇಳಿಸಿಕೊಳ್ಳುವವರಿದ್ದಾರೆಯೆ?

ಜೂನ್ ಹತ್ತಿರ ಬಂದಂತೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಬೆರಳು ಮಡಿಸಿ ಎಣಿಸುವುದು ಶುರುವಾಗುತ್ತದೆ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು. ಹಾಗಾದರೆ ಯುಕೆಜಿಗೆ 5, ಎಲ್‌ಕೆಜಿಗೆ 4, ನರ್ಸರಿಗೆ 3. ಅದಕ್ಕೂ ಮೊದಲು ಒಂದು ವರ್ಷ ಪ್ಲೇಹೋಮಿನಲ್ಲಿ ಕೂತು ಅಭ್ಯಾಸವಾಗಲಿ ಎಂದರೆ 2. ಹೀಗೆ ಹಿಂದಕ್ಕೆ ಎಣಿಸುತ್ತ ಬಂದ ಲೆಕ್ಕ, ಇನ್ನೂ ಅಮ್ಮನ ಸೊಂಟ ಬಿಡದ ಕೂಸಿನ ಹೆಗಲಿಗೆ ಬ್ಯಾಗು ಏರಿಸುತ್ತದೆ. ಲೆಕ್ಕದ ತುದಿಯಲ್ಲಿರುವ ಆ 6 ವರ್ಷವೂ ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯೇ. ಕರ್ನಾಟಕ ಸರ್ಕಾರ 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಸರ್ಕಾರ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಮನೆಯ ಈ ಮಗು ಹೊರಡಲು ಸಿದ್ಧವಾಗಿದೆಯೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರ ಹುಡುಕುವಾಗ ನಾವು ಸಾಮಾನ್ಯವಾಗಿ ನೋಡುವುದು ಕಾಗುಣಿತ, ಎಬಿಸಿಡಿ, ಪೆನ್ಸಿಲ್ ಹಿಡಿಯುವ ಬಗೆ. ಪೆನ್ಸಿಲ್ಲಿನ ಮಾತನ್ನು ಮಗುವಿನ ಮಣಿಕಟ್ಟೇ ಅಲ್ಲಗಳೆಯುತ್ತದೆ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. 3 ವರ್ಷದ ಮಗುವಿನ ಎಕ್ಸ್‌ರೇಯಲ್ಲಿ ಅವುಗಳಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಕಾಣಿಸುತ್ತವೆ. ಉಳಿದವು ಇನ್ನೂ ಗಟ್ಟಿಯಾಗದ ಮೃದು ಎಲುಬು. ಆ ಕೈ ಚಪಾತಿ ಹಿಟ್ಟು ಹಿಸುಕಲಿ, ಮಣ್ಣು ಕಲಸಲಿ, ಅವರೆಕಾಯಿ ಸುಲಿಯಲಿ. ಎರಡು ಗೆರೆಗಳ ನಡುವೆ ಅಕ್ಷರ ಕೂರಿಸುವುದು ಅದರ ಕೆಲಸವಲ್ಲ. ನನ್ನ ಮಟ್ಟಿಗೆ ಸಿದ್ಧತೆಯ ನಿಜವಾದ ಗುರುತು ಊಟದ ಡಬ್ಬಿಯಲ್ಲಿದೆ. ಬಿಗಿಯಾದ ಮುಚ್ಚಳ ತೆರೆಯಲಾಗದ ಮಗು ಡಬ್ಬಿ ಹಿಡಿದುಕೊಂಡು ಟೀಚರ ಬಳಿ ಹೋಗಿ, ಮಾತಿನಿಂದಲೋ ಸನ್ನೆಯಿಂದಲೋ ‘ತೆಗೆದುಕೊಡಿ’ ಎಂದರೆ, ನೂರರವರೆಗೆ ಎಣಿಸಿಯೂ ಡಬ್ಬಿಯ ಮುಂದೆ ಸುಮ್ಮನೆ ಕೂತ ಮಗುವಿಗಿಂತ ಅದು ಹೆಚ್ಚು ಸಿದ್ಧ. ನೀರಡಿಕೆ, ಹಸಿವು, ನೋವು, ಸೂಸು ಬಂದಿದೆಯೆಂಬ ಅವಸರ, ಇವನ್ನೆಲ್ಲ ಮನೆಯವರಲ್ಲದ ದೊಡ್ಡವರೊಬ್ಬರಿಗೆ ತಿಳಿಸಬಲ್ಲದೆ? ಅವರು ಎತ್ತಿಕೊಂಡರೆ ಸಮಾಧಾನಗೊಳ್ಳುತ್ತದೆಯೆ? ಕಲಿಕೆಯೆಲ್ಲ ನಿಲ್ಲುವುದು ಈ ನಂಬಿಕೆಯ ಮೇಲೆ.

ಗೇಟಿನಲ್ಲಿ ಸೆರಗು ಹಿಡಿದು ಅಳುವ ಮಗು ಸಿದ್ಧವಿಲ್ಲ ಎಂದೇ ಅರ್ಥವಲ್ಲವೆ ಎಂದು ಕೇಳಬಹುದು. ಅಲ್ಲ. ತನ್ನವರನ್ನು ಬಿಟ್ಟಿರುವುದು ಕಷ್ಟವೆಂದು ಅದು ಹೇಳುತ್ತಿದೆ, ಅಷ್ಟೇ. ಅಳದಿರುವುದನ್ನು ನೆಮ್ಮದಿಯೆಂದು ತಿಳಿಯುವುದೇ ಹೆಚ್ಚು ಅಪಾಯದ್ದು. ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದರು. ಎರಡೂವರೆ ವರ್ಷವೂ ತುಂಬದ ಲಾರಾ ಎಂಬ ಹುಡುಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದದ್ದನ್ನು ಕ್ಯಾಮೆರಾ ದಿನದಿನವೂ ನೋಡುತ್ತದೆ. ಅವಳು ರಂಪ ಮಾಡಿದ್ದು ಕಡಿಮೆ. ಮುಖ ಬಿಗಿಹಿಡಿದು ದುಃಖ ನುಂಗುತ್ತಾಳೆ, ನೋಡಲು ಬಂದ ಅಮ್ಮನಿಂದಲೇ ಮುಖ ತಿರುಗಿಸುತ್ತಾಳೆ. ಶಾಲೆ ಆಸ್ಪತ್ರೆಯಲ್ಲ, ಮಧ್ಯಾಹ್ನ ಅಮ್ಮ ಬಂದೇ ಬರುತ್ತಾಳೆ, ನಿಜ. ಆದರೂ ಎರಡು ವರ್ಷದ ಕೂಸಿನ ಮೌನವನ್ನು ‘ಹೊಂದಿಕೊಂಡಿತು’ ಎಂದು ಓದಬಾರದೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ. ಅಳು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ, ಯಾರ ಮಡಿಲಲ್ಲಾದರೂ ನಿಲ್ಲುತ್ತದೆಯೆ ಎಂದು ನೋಡಬೇಕು. ಎರಡು ಮೂರು ವಾರ ಕಳೆದರೂ ಯಾರ ಬಳಿಯೂ ನಿಲ್ಲದಿದ್ದರೆ, ಜೊತೆಗೆ ಊಟ ಕುಗ್ಗಿ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಬಿಡಿಸಿ ಆರು ತಿಂಗಳು ಕಾಯುವುದೇ ಸರಿ. ಅದರಲ್ಲಿ ಸೋಲಿಲ್ಲ.

ಇಷ್ಟಾದರೂ ಇದು ಅರ್ಧ ಮಾತು. ಮಗು ಕೇಳಬಲ್ಲದು ಎಂದುಕೊಳ್ಳೋಣ. ಕೇಳಿಸಿಕೊಳ್ಳಲು ಅಲ್ಲಿ ಬಿಡುವಾಗಿ ಯಾರಿದ್ದಾರೆ? ಖಾಸಗಿ ಪ್ಲೇ ಸ್ಕೂಲುಗಳಿಗೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕೆನ್ನುತ್ತದೆ. 3 ವರ್ಷ ತುಂಬದವರನ್ನು ಸೇರಿಸಬೇಡಿ ಎನ್ನುತ್ತದೆ. ಗೋಡೆಯ ಮೇಲಿನ ಕಾರ್ಟೂನು ನೋಡುವ ಮೊದಲು ಈ ತಲೆ ಎಣಿಕೆ ಮಾಡಿ. ಇನ್ನೊಂದು, ಭಾಷೆ. ಮನೆಯಲ್ಲಿ ‘ಅಮ್ಮ, ನೀಲು’ ಎಂದು ತೊದಲುವ ಮಗು ಬಂದದ್ದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಬೇಕೆಂಬ ಕಡೆ ಒಂದೇ ದಿನಕ್ಕೆ ಮೂಕವಾಗುತ್ತದೆ. ಕನ್ನಡದ ಕೂಸಿರಲಿ, ತುಳುವಿನದಿರಲಿ, ಲಂಬಾಣಿ ತಾಂಡಾದ್ದಿರಲಿ, ಎರಡು ವರ್ಷ ಕಷ್ಟಪಟ್ಟು ಕೂಡಿಟ್ಟ ಮಾತಿನ ಗಂಟನ್ನು ಬಾಗಿಲಲ್ಲೇ ಕಿತ್ತುಕೊಂಡು ‘ಈ ಮಗು ಇನ್ನೂ ರೆಡಿ ಇಲ್ಲ’ ಎನ್ನುವುದು ಅನ್ಯಾಯ. ಅಲ್ಲಿ ಸಿದ್ಧವಿಲ್ಲದ್ದು ಶಾಲೆ.

ತಡಮಾಡಿದರೆ ಹಿಂದೆ ಬೀಳುತ್ತದೆಂಬ ಭಯ ದೊಡ್ಡದು, ಅದಕ್ಕೆ ಆಧಾರವೂ ಇದೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಅಧ್ಯಯನ 123 ಬಡ ಕಪ್ಪು ಮಕ್ಕಳನ್ನು ಅವರ ನಡುವಯಸ್ಸಿನವರೆಗೂ ಹಿಂಬಾಲಿಸಿತು. ಶಿಶುಶಾಲೆಗೆ ಹೋದವರ ಓದು, ಗಳಿಕೆ ಎರಡೂ ಮೇಲಾಗಿದ್ದವು. ಆದರೆ ಅಲ್ಲಿ ಐದಾರು ಮಕ್ಕಳಿಗೆ ಒಬ್ಬ ಶಿಕ್ಷಕಿ, ದಿನಕ್ಕೆ ಎರಡೂವರೆ ಗಂಟೆ, ವಾರವಾರ ಮನೆಭೇಟಿ. ಅದೇ ದೇಶದ ಟೆನೆಸಿ ರಾಜ್ಯದ ಸರ್ಕಾರಿ ಶಿಶುತರಗತಿಗಳ ಕುರಿತ ಅಧ್ಯಯನ 2022ರಲ್ಲಿ ಹೊರಬಂದಾಗ, ಹೋದವರು ಆರನೇ ತರಗತಿಯ ಹೊತ್ತಿಗೆ ಹೋಗದವರಿಗಿಂತ ಹಿಂದಿದ್ದರು. ಬೇಗ ಸೇರಿದ್ದರಿಂದಲೇ ಲಾಭ ಬರುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಇಬ್ಬರೂ ದುಡಿಯುವ ಮನೆಗಳಲ್ಲಿ ಕಾಯುವ ಅನುಕೂಲ ಎಲ್ಲಿದೆ ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಗಟ್ಟಿ. ಅವರಿಗೆ ಬೇಕಾದದ್ದು ಮಗುವನ್ನು ಉಣಿಸಿ ಮಲಗಿಸಿ ಆಡಿಸುವ ಜಾಗ. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಯ ತಾಯಂದಿರಿಗಾಗಿ ತೆರೆದ ಕೂಸಿನ ಮನೆಯಂಥದ್ದು. ಅದನ್ನು ಶಾಲೆಯೆಂದು ಕರೆದು ಹೋಂವರ್ಕ್ ಕೊಡುವ ಅಗತ್ಯವಿಲ್ಲ. 3 ತುಂಬಿದ ಮೇಲೆ ಅಂಗನವಾಡಿಯ ಬಾಗಿಲು ತೆರೆದೇ ಇದೆ. ಎಲ್ಲಿಗೇ ಸೇರಿಸಲಿ, ದುಡ್ಡು ಕಟ್ಟುವ ಮೊದಲು ಒಂದು ಬೆಳಗ್ಗೆ ಅಲ್ಲಿ ಮೂಲೆಯಲ್ಲಿ ಕೂತು, ಅಳುವ ಮಗುವಿನ ಬಳಿ ಯಾರು ಹೋಗುತ್ತಾರೆಂದು ನೋಡಿ. ಯಾರೂ ಹೋಗದಿದ್ದರೆ ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 14 ವರ್ಷದ ಮಕ್ಕಳ ಮಾತನ್ನು. ಎರಡೂವರೆ ವರ್ಷದ ಕೂಸು ಶಾಲೆಗೆ ಹೋಗಲೇಬೇಕೆನ್ನುವ ಕಾನೂನು ನಮ್ಮಲ್ಲಿಲ್ಲ.