ತೋಡಿನ ಕಿತ್ತಳೆ ಲೋಳೆ ಹೇಳುವ ಕಥೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮುರಕಲ್ಲು ಗುಡ್ಡಗಳ ಬುಡದಲ್ಲಿ, ಬೈಲುಗದ್ದೆಯ ಅಂಚಿನ ತೋಡುಗಳಲ್ಲಿ ಕಿತ್ತಳೆ ಬಣ್ಣದ ಲೋಳೆಯನ್ನೂ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪದರವನ್ನೂ ನಾನು ಅನೇಕ ಸಲ ಕಂಡಿದ್ದೇನೆ. ಯಾರೋ ಡೀಸೆಲ್ ಚೆಲ್ಲಿರಬೇಕೆಂದು ಶಂಕಿಸುವವರುಂಟು. ಕಡ್ಡಿಯಿಂದ ಕಲಕಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಎಣ್ಣೆಯ ಪದರ ಮತ್ತೆ ಕೂಡಿಕೊಳ್ಳುತ್ತದೆ; ಕಬ್ಬಿಣದ ಈ ಪದರ ಗಾಜಿನಂತೆ ಚೂರುಚೂರಾಗಿ ಒಡೆಯುತ್ತದೆ. ಆ ಕಬ್ಬಿಣವನ್ನು ಮಣ್ಣಿನಿಂದ ಬಿಡಿಸಿದ್ದು ಬ್ಯಾಕ್ಟೀರಿಯಾ.

ಆಹಾರದಿಂದ ಬಿಡುಗಡೆಯಾದ ಇಲೆಕ್ಟ್ರಾನುಗಳನ್ನು ಕೊನೆಗೆ ಬೇರೊಂದು ವಸ್ತುವಿಗೆ ದಾಟಿಸುವುದೇ ಉಸಿರಾಟದ ತಿರುಳು. ನಾವು ಅವನ್ನು ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಬೇಗನೆ ತೀರಿಹೋಗುತ್ತದೆ; ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಮಾತ್ರ ಧಾರಾಳ. ಆದರೆ ಘನರೂಪದ ತುಕ್ಕನ್ನು ಜೀವಕೋಶದೊಳಗೆ ಎಳೆದುಕೊಳ್ಳಲಾಗದು. ಆದ್ದರಿಂದ ಕೆಲವು ಸೂಕ್ಷ್ಮಜೀವಿಗಳು ಇಲೆಕ್ಟ್ರಾನುಗಳನ್ನೇ ಹೊರಕ್ಕೆ ರವಾನಿಸುತ್ತವೆ. 1987ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ವರದಿ ಮಾಡಿದ, ಮುಂದೆ ಜಿಯೋಬ್ಯಾಕ್ಟರ್ ಎಂಬ ಹೆಸರು ಪಡೆದ ಜೀವಿ ಇವುಗಳಲ್ಲಿ ಪ್ರಸಿದ್ಧ. ಅದು ಹೊರಚಾಚುವ ವಿದ್ಯುದ್ವಾಹಕ ತಂತುವಿನೊಳಗೆ ಹೀಮ್ ಅಣುಗಳು ಸಾಲುಗಟ್ಟಿರುವುದನ್ನು 2019ರಲ್ಲಿ ನಿಖಿಲ್ ಮಲ್ವಂಕರ್ ಮೊದಲಾದವರು ತೋರಿಸಿದರು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ನೀಡುವುದೂ ಹೀಮ್ ಎಂಬುದು ಇಲ್ಲಿ ಸ್ಮರಣೀಯ.

ಇಲೆಕ್ಟ್ರಾನು ಪಡೆದ ಕಬ್ಬಿಣ ನೀರಿನಲ್ಲಿ ಕರಗಿ ತೋಡಿನತ್ತ ಸಾಗುತ್ತದೆ. ಗಾಳಿ ತಾಗುವೆಡೆಯಲ್ಲಿ ಗ್ಯಾಲಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಅದರಿಂದ ಇಲೆಕ್ಟ್ರಾನನ್ನು ಮರಳಿ ಪಡೆದು ಬದುಕುತ್ತವೆ. ಕಬ್ಬಿಣ ಮತ್ತೆ ತುಕ್ಕಾಗಿ ಲೋಳೆಯ ರೂಪದಲ್ಲಿ ತಂಗುತ್ತದೆ.

ಇದು ಪ್ರಯೋಗಶಾಲೆಯ ಕೌತುಕಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. ಕರಗಿದ ಕಬ್ಬಿಣ ಮಿತಿಮೀರಿದರೆ ಭತ್ತದ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಬೇರು ಸೊರಗುತ್ತದೆ, ಇಳುವರಿ ಕುಸಿಯುತ್ತದೆ. ಕರಾವಳಿಯ ತಗ್ಗು ಗದ್ದೆಗಳಿಗೆ ಈ ಕಬ್ಬಿಣದ ನಂಜು ಹೊಸದಲ್ಲ. ಇದನ್ನು ರೋಗವೆಂದು ಬಗೆದು ಔಷಧಿ ಸಿಂಪಡಿಸಿದರೆ ಹಣ ಪೋಲು. ಕೆಲದಿನ ನೀರು ಬಸಿದು ಮಣ್ಣಿಗೆ ಗಾಳಿಯಾಡಲು ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ದೊರೆತು ಕಬ್ಬಿಣ ಕರಗುವುದು ತಗ್ಗುತ್ತದೆ. ಸುಣ್ಣ, ಪೊಟ್ಯಾಷ್‌ಗಳೂ ನೆರವಾಗುತ್ತವೆ.

ನೀರು ಬಸಿಯಬೇಕಾದರೆ ತೋಡು ತೆರೆದಿರಬೇಕು. ರಸ್ತೆಗೋ ಬಡಾವಣೆಗೋ ತೋಡನ್ನು ಮುಚ್ಚುವವರು ಮೇಲಿನ ಗದ್ದೆಗಳನ್ನು ಉಸಿರುಗಟ್ಟಿಸುತ್ತಿದ್ದಾರೆ ಎಂದೇ ನನ್ನ ಭಾವನೆ. ಪಂಚಾಯತಿಗಳು ಹೂಳೆತ್ತುವ ಕೆಲಸಕ್ಕೆ ಕೊಡುವ ಪ್ರತಿಯೊಂದು ರೂಪಾಯಿಯೂ ಭತ್ತದ ಬೇರಿಗೆ ಸಲ್ಲುತ್ತದೆ.